ಸಂತತಿ ನಕ್ಷೆಯಲ್ಲಿ ಇಲ್ಲದ ಹೆಸರು

ನಿಮ್ಮ ಮನೆಯ ದಾಖಲೆ ಪತ್ರಗಳ ವಿಷಯ ನಿಮಗೆ ಗೊತ್ತಿದೆಯೇ? ಅವು ಕಪಾಟಿನ ಯಾವ ಖಾನೆಯಲ್ಲಿವೆ ಎಂದು ನಾನು ಕೇಳುತ್ತಿಲ್ಲ. ಅದು ನಮಗೆಲ್ಲರಿಗೂ ಗೊತ್ತಿರುತ್ತದೆ. ಅವುಗಳಲ್ಲಿ ಏನು ಬರೆದಿದೆ, ಯಾರ ಹೆಸರಿದೆ, ಯಾರ ಹೆಸರಿಲ್ಲ ಎಂಬುದು ಗೊತ್ತಿದೆಯೇ? 2022ರವರೆಗೆ ನನಗೂ ಗೊತ್ತಿರಲಿಲ್ಲ. ಆ ವರ್ಷ ಒಂದು ಫ್ಲ್ಯಾಟ್ ಖರೀದಿಸಲು ಹೊರಟು ನಾನು ಕಲಿತ ಪಾಠವನ್ನು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ನಮ್ಮದು ನಿಮ್ಮಲ್ಲಿ ಹಲವರ ಮನೆಯಂಥದೇ ಕಥೆ. ಇವರು ದಮ್ಮಾಮಿನಲ್ಲಿ ಹತ್ತೊಂಬತ್ತು ವರ್ಷದಿಂದ ದುಡಿಯುತ್ತಿದ್ದಾರೆ. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಾರೆ. ನಾನೂ ಮಕ್ಕಳೂ ಮಂಗಳೂರಿನ ಹೊರವಲಯದಲ್ಲಿ ಬಾಡಿಗೆ ಮನೆಯ ಮಹಡಿಯಲ್ಲಿದ್ದೆವು. ಮಗಳು ಪಿಯುಸಿ ಮುಗಿಸಿದಾಗ ಇವರು ಫೋನಿನಲ್ಲಿ ಹೇಳಿದರು: "ಇನ್ನು ಬಾಡಿಗೆ ಸಾಕು. ಒಂದು ಸಣ್ಣ ಫ್ಲ್ಯಾಟಾದರೂ ನಮ್ಮದು ಎಂದು ಆಗಲಿ."

ರಮಝಾನ್ ಕಳೆದು ಮಳೆಗಾಲ ಹಿಡಿಯುವ ಹೊತ್ತಿಗೆ ಒಂದು ಫ್ಲ್ಯಾಟ್ ಮನಸ್ಸಿಗೆ ಬಂತು. ಎರಡು ಬೆಡ್‌ರೂಮ್, ಮೂರನೇ ಮಹಡಿ, ಅಡುಗೆಮನೆಯ ಕಿಟಕಿಯಿಂದ ತೆಂಗಿನ ತೋಟ ಕಾಣುತ್ತದೆ. ಮಸೀದಿ ಹತ್ತಿರ, ಬಸ್ಸು ಹತ್ತಿರ. ಬೆಲೆ ಮೂವತ್ತೆಂಟು ಲಕ್ಷ. ಬಿಲ್ಡರ್ ನಮ್ಮ ಪರಿಚಯದವರೇ. ಬ್ರೋಕರಂತೂ ಬಾಯಿ ತೆರೆದರೆ ಒಂದೇ ಮಾತು: "ಪೇಪರೆಲ್ಲ ಕ್ಲಿಯರ್, ತಂಗೀ. ನಮ್ಮವರದ್ದೇ ಜಾಗ." ನಾನು ಒಂದು ಲಕ್ಷದ ಚೆಕ್ಕು ಮುಂಗಡವಾಗಿ ಕೊಟ್ಟು ಒಂದು ಚೀಟಿ ಬರೆಸಿಕೊಂಡೆ. ಅದರಲ್ಲಿ ಹಣ ಪಡೆದ ವಿಷಯ ಬಿಟ್ಟರೆ ಬೇರೇನೂ ಇರಲಿಲ್ಲ. ಇದು ನನ್ನ ಮೊದಲ ತಪ್ಪು.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಬಡ್ಡಿಯ ಭಯದಿಂದ ನಮ್ಮ ಎಷ್ಟೋ ಮನೆಗಳಲ್ಲಿ ಬ್ಯಾಂಕ್ ಸಾಲ ಪಡೆಯುವುದಿಲ್ಲ. ನಾವೂ ಪಡೆಯಲಿಲ್ಲ. ಉಳಿತಾಯ, ಚಿನ್ನ, ತಮ್ಮನಿಂದ ಪಡೆದ ಕೈಸಾಲ, ಹೀಗೆ ಹೊಂದಿಸಿಕೊಂಡೆವು. ಅದು ಒಳ್ಳೆಯದೇ. ಆದರೆ ಸಾಲ ಕೊಡುವ ಬ್ಯಾಂಕ್ ತನ್ನ ಹಣದ ಭದ್ರತೆಗಾಗಿ ಒಬ್ಬ ವಕೀಲರಿಂದ ಜಾಗದ ಇಡೀ ಚರಿತ್ರೆಯನ್ನು ಪರಿಶೀಲಿಸುತ್ತದೆ. ಸಾಲ ಪಡೆಯದ ನಮಗೆ ಆ ಪರಿಶೀಲನೆಯೂ ಇರುವುದಿಲ್ಲ. ಕೈಯಿಂದ ಪೂರ್ತಿ ಹಣ ಕೊಡುವವರೇ ಹೆಚ್ಚು ಜಾಗ್ರತೆ ವಹಿಸಬೇಕು. ನಡೆಯುವುದು ಮಾತ್ರ ಇದಕ್ಕೆ ತದ್ವಿರುದ್ಧ.

ನನಗೆ ಬುದ್ಧಿ ಹೇಳಿದ್ದು ಮಗಳ ಗೆಳತಿಯ ತಾಯಿ. ಅವರು ವಕೀಲೆ. ಆಸ್ತಿಪತ್ರಗಳನ್ನು ಪರಿಶೀಲಿಸಿ ಅಭಿಪ್ರಾಯ ಬರೆದುಕೊಡುವುದು ಅವರ ಮುಖ್ಯ ಕೆಲಸ. ಎಂಟು ಸಾವಿರ ರೂಪಾಯಿ ಫೀಸು ಎಂದಾಗ ಇವರಿಗೆ ಸ್ವಲ್ಪ ಬೇಸರವಾಯಿತು. "ಎಂಟು ಸಾವಿರಕ್ಕೆ ಅಡುಗೆಮನೆಗೆ ಚಿಮಣಿ ಬರುತ್ತಿತ್ತಲ್ಲ? ಪರಿಚಯದವರ ಮೇಲೆ ಸಂಶಯಪಟ್ಟ ಹಾಗೆಯೂ ಆಯಿತು" ಎಂದರು.

ನಾನು ಹೇಳಿದೆ: "ಕುರ್‌ಆನಿನ ಅತಿ ದೀರ್ಘ ವಚನ ಯಾವುದು ಹೇಳಿ ನೋಡುವಾ. ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ, ಸಾಕ್ಷಿ ಇಟ್ಟುಕೊಳ್ಳುವ ಬಗ್ಗೆ ಅಲ್‌ಬಕರ ಅಧ್ಯಾಯದಲ್ಲಿರುವ ವಚನ. ಬರೆಸುವುದು ಸಂಶಯವಾದರೆ ಅಷ್ಟು ಉದ್ದದ ಆಜ್ಞೆ ಯಾಕೆ?" ಅತ್ತ ಕಡೆ ನಗು ಕೇಳಿಸಿತು. "ಸರಿ, ಕೊಡು" ಎಂದರು.

ವಕೀಲೆ ಒಂದು ಪಟ್ಟಿ ಬರೆದುಕೊಟ್ಟರು. ನಾನು ಅದನ್ನು ಹಿಡಿದು ಬಿಲ್ಡರನ ಕಚೇರಿಗೆ ಹೋದೆ. ಪಟ್ಟಿಯಲ್ಲಿದ್ದುದನ್ನು ನೀವೂ ಬರೆದಿಟ್ಟುಕೊಳ್ಳಿ. ಜಾಗದ ಮೂಲ ಪತ್ರ ಮತ್ತು ಅಲ್ಲಿಂದ ಇಲ್ಲಿಯವರೆಗೆ ಕೈ ಬದಲಾದ ಎಲ್ಲ ಪತ್ರಗಳು. ಪಹಣಿ. ಕೃಷಿಭೂಮಿಯಾಗಿದ್ದರೆ ಅದನ್ನು ಮನೆ ಕಟ್ಟಲು ಪರಿವರ್ತಿಸಿದ ಆದೇಶ, ಅಂದರೆ ಜನ ಕನ್ವರ್ಶನ್ ಎನ್ನುವುದು. ಪಾಲಿಕೆ ಮಂಜೂರು ಮಾಡಿದ ನಕ್ಷೆ ಮತ್ತು ಪರವಾನಗಿ. ಕಟ್ಟಡ ಮುಗಿದ ಮೇಲೆ ಪಾಲಿಕೆ ಕೊಡುವ ಕಂಪ್ಲೀಶನ್ ಸರ್ಟಿಫಿಕೇಟ್. ಖಾತೆ, ತೆರಿಗೆ ರಶೀದಿ. ಜಾಗದ ಮಾಲಕರಿಗೂ ಬಿಲ್ಡರಿಗೂ ಆದ ಜಂಟಿ ಕರಾರು. ರೇರಾ ನೋಂದಣಿ ಸಂಖ್ಯೆ. ಕೊನೆಯದಾಗಿ ಸಬ್ ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪ್ರಮಾಣಪತ್ರ, ಎಲ್ಲರೂ ಇ.ಸಿ. ಎನ್ನುತ್ತಾರಲ್ಲ, ಅದು.

ಈ ಇ.ಸಿ. ವಿಷಯದಲ್ಲಿ ನಮ್ಮಲ್ಲಿ ದೊಡ್ಡ ತಪ್ಪು ತಿಳಿವಳಿಕೆಯಿದೆ. ಬ್ರೋಕರ್ ನನಗೆ ತೋರಿಸಿದ್ದು ಹದಿನೈದು ವರ್ಷದ ಇ.ಸಿ. ಮಾತ್ರ. ವಕೀಲೆ ಕೇಳಿದ್ದು ಕನಿಷ್ಠ ಮೂವತ್ತು ವರ್ಷದ್ದು. 2004ರಿಂದ ಈಚೆಗಿನದು ನೋಂದಣಿ ಇಲಾಖೆಯ 'ಕಾವೇರಿ' ಜಾಲತಾಣದಲ್ಲಿ ಸಿಗುತ್ತದೆ. ಅದಕ್ಕಿಂತ ಹಿಂದಿನದು ಬೇಕಾದರೆ ಕಚೇರಿಗೆ ಅರ್ಜಿ ಕೊಟ್ಟು ಹಳೆಯ ಪುಸ್ತಕಗಳನ್ನು ಹುಡುಕಿಸಬೇಕು. ಹುಡುಕಿದ ಅವಧಿಯಲ್ಲಿ ನೋಂದಣಿಯಾದ ವ್ಯವಹಾರವಿದ್ದರೆ ಫಾರಂ 15ರಲ್ಲಿ, ಏನೂ ಇಲ್ಲದಿದ್ದರೆ ಫಾರಂ 16ರಲ್ಲಿ ಕೊಡುತ್ತಾರೆ.

"ಇ.ಸಿ. ಖಾಲಿ ಇದ್ದರೆ ಜಾಗ ಶುದ್ಧ ಎಂದರ್ಥವಲ್ಲವೇ?" ಎಂದು ನಾನು ಕೇಳಿದೆ.

"ಅಲ್ಲ" ಎಂದರು ವಕೀಲೆ. "ನೋಂದಣಿಯಾದದ್ದನ್ನು ಮಾತ್ರ ಅದು ಹೇಳುತ್ತದೆ. ಕೋರ್ಟಿನಲ್ಲಿ ದಾವೆ ಇದ್ದರೆ ಅದು ಇದರಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ನೋಂದಣಿಯಾಗದ ಕರಾರು ಕಾಣುವುದಿಲ್ಲ. ನಿಮ್ಮವರಲ್ಲಿ ಬಾಯಿಮಾತಿನಲ್ಲೇ ಹಿಬಾ ಕೊಡುತ್ತಾರಲ್ಲ, ಅದಕ್ಕೆ ನೋಂದಣಿ ಕಡ್ಡಾಯವಿಲ್ಲ. ಬರೆದುಕೊಟ್ಟ ಹಿಬಾಕ್ಕೂ ನೋಂದಣಿ ಬೇಕಿಲ್ಲವೆಂದು 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೂ ಇ.ಸಿ.ಯಲ್ಲಿ ಬರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಒಬ್ಬರು ತೀರಿಕೊಂಡಾಗ ಅವರ ವಾರಸುದಾರರಿಗೆ ಬರುವ ಹಕ್ಕು ಇ.ಸಿ.ಯಲ್ಲಿ ಬರುವುದಿಲ್ಲ."

ಹನ್ನೆರಡು ದಿನಗಳ ನಂತರ ಅವರು ನನ್ನನ್ನು ಕರೆದರು. ಮೇಜಿನ ಮೇಲೆ ಕಾಗದಗಳನ್ನು ವರ್ಷದ ಕ್ರಮದಲ್ಲಿ ಜೋಡಿಸಿಟ್ಟಿದ್ದರು. ಜಾಗ ಒಟ್ಟು ಮೂವತ್ತೈದು ಸೆಂಟ್ಸ್. ನಮ್ಮ ಜಿಲ್ಲೆಯ ಬಹಳಷ್ಟು ಭೂಮಿಯ ಹಾಗೆ ಇದೂ ಡಿಕ್ಲರೇಶನ್ ಆದ ಜಾಗ. 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಗೇಣಿದಾರರಾಗಿದ್ದ ಅಜ್ಜ ಅರ್ಜಿ ಕೊಟ್ಟಿದ್ದರು, ಭೂನ್ಯಾಯ ಮಂಡಳಿ ಅವರ ಹೆಸರಿಗೆ ಹಕ್ಕು ಕೊಟ್ಟಿತ್ತು. ಹೆಂಡತಿ ಮೊದಲೇ ತೀರಿಕೊಂಡಿದ್ದರು. ಅಜ್ಜ 1991ರಲ್ಲಿ ತೀರಿಕೊಂಡ ಮೇಲೆ ಮೂವರು ಗಂಡುಮಕ್ಕಳು ಸಂತತಿ ನಕ್ಷೆ ಕೊಟ್ಟು ತಮ್ಮ ಹೆಸರಿಗೆ ಪೌತಿ ಖಾತೆ ಮಾಡಿಸಿಕೊಂಡರು. ಅವರೇ ಬಿಲ್ಡರಿಗೆ ಜಾಗ ಕೊಟ್ಟದ್ದು. ಕನ್ವರ್ಶನ್ ಸರಿ, ನಕ್ಷೆ ಸರಿ, ರೇರಾ ನೋಂದಣಿಯೂ ಇತ್ತು.

"ಹಾಗಾದರೆ ಎಲ್ಲ ಸರಿಯಿದೆಯಲ್ಲ?" ಎಂದೆ.

ಅವರು ಸಂತತಿ ನಕ್ಷೆಯ ಮೇಲೆ ಬೆರಳಿಟ್ಟರು. "ಇಲ್ಲಿ ಮೂವರು ಗಂಡುಮಕ್ಕಳಿದ್ದಾರೆ. ಒಬ್ಬಳು ಮಗಳೂ ಇಲ್ಲ. ಇರದಿರಲೂಬಹುದು. ಆದರೆ ಈ ಮೂವತ್ತು ವರ್ಷಗಳಲ್ಲಿ ನಾನು ಇಂಥ ನಕ್ಷೆಗಳನ್ನು ತುಂಬ ನೋಡಿದ್ದೇನೆ. ಎಲ್ಲ ಜಾತಿಯವರದ್ದನ್ನೂ ನೋಡಿದ್ದೇನೆ. ಕಾಗದ ಹೇಳುವುದನ್ನು ನಾನು ಓದಬಲ್ಲೆ. ಅದು ಹೇಳದೇ ಇರುವುದನ್ನು ನೀವು ವಿಚಾರಿಸಬೇಕು. ಆ ಮನೆಯಲ್ಲಿ ಹೆಣ್ಣುಮಕ್ಕಳಿದ್ದರೇ ಎಂದು ಕೇಳಿ ನೋಡಿ."

ಸಹೋದರಿಯರೇ, ಕಚೇರಿಯ ಪುಸ್ತಕದಲ್ಲಿ ಇಲ್ಲದ ಹೆಸರು ಹೆಂಗಸರ ಮಾತಿನಲ್ಲಿ ಇರುತ್ತದೆ. ನನಗೆ ಮೂರೇ ದಿನ ಸಾಕಾಯಿತು. ಒಂದು ಮದುವೆಯ ಮನೆಯಲ್ಲಿ ಊಟಕ್ಕೆ ಕುಳಿತಾಗ ಆ ಊರಿನ ಒಬ್ಬ ಹಿರಿಯರ ಹತ್ತಿರ ಸುಮ್ಮನೆ ಮಾತು ತೆಗೆದೆ. "ಇದ್ದಾಳಲ್ಲ! ಮೂವರಿಗೂ ಹಿರಿಯವಳು. ಬಂಟ್ವಾಳದ ಕಡೆಗೆ ಮದುವೆ ಮಾಡಿ ಕೊಟ್ಟದ್ದು. ಗಂಡ ತೀರಿಕೊಂಡಿದ್ದಾನೆ. ಈಗ ಮಗಳ ಜೊತೆ ಇದ್ದಾಳೆ" ಎಂದು ಅವರು ಬಿರಿಯಾನಿ ಬಡಿಸಿಕೊಳ್ಳುತ್ತಾ ಹೇಳಿಬಿಟ್ಟರು. ನನಗೆ ಆಮೇಲೆ ಊಟ ಸೇರಲಿಲ್ಲ.

ಮುಂದಿನ ವಾರ ನಾನು ಮಗಳನ್ನು ಕರೆದುಕೊಂಡು ಅವರ ಮನೆಗೆ ಹೋದೆ. ಬೀಡಿ ಕಟ್ಟಿ ಕಟ್ಟಿ ಬೆರಳ ತುದಿ ಕಪ್ಪಾಗಿದ್ದ, ಎಪ್ಪತ್ತು ದಾಟಿದ ಹೆಂಗಸು. ಯಾರು, ಏನು ಎಂದು ವಿಚಾರಿಸುವ ಮೊದಲೇ ಚಹಾ, ಬಿಸ್ಕತ್ತು ಬಂತು. ನಾನು ಬಂದ ಕಾರಣವನ್ನು ಅಡಗಿಸಿಡಲಿಲ್ಲ. ಎಲ್ಲವನ್ನೂ ಹೇಳಿದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಲ್ಲಿ ಕಟ್ಟಡ ಎದ್ದಿದೆ ಎಂದು ಗೊತ್ತು ಮಗಳೇ. ಬಸ್ಸಿನಲ್ಲಿ ಹೋಗುವಾಗ ನೋಡಿದ್ದೇನೆ. ಬಾವಿ ಎಲ್ಲಿತ್ತೋ ಅಲ್ಲಿ ಗೇಟು ಮಾಡಿದ್ದಾರೆ" ಎಂದರು.

"ನಿಮ್ಮ ಹತ್ತಿರ ಯಾರಾದರೂ ಸಹಿ ತೆಗೆದುಕೊಂಡಿದ್ದಾರಾ ಉಮ್ಮಾ?"

"ಇಲ್ಲ. ಕೇಳಿದ್ದರೆ ಹಾಕುತ್ತಿದ್ದೆ. ಕೇಳಲೇ ಇಲ್ಲ." ಮತ್ತೆ ಅವರೇ ಹೇಳಿದರು: "ಮಗಳ ಮದುವೆಗೆ ತಮ್ಮಂದಿರು ಐದು ಪವನ್ ಕೊಟ್ಟಿದ್ದಾರೆ. ಪೆರ್ನಾಲಿಗೆ ಕರೆಯುತ್ತಾರೆ. ನಾನು ಪಾಲು ಕೇಳಿದರೆ ಆ ಬಾಗಿಲೂ ಮುಚ್ಚುತ್ತದೆ. ನೀನು ಫ್ಲ್ಯಾಟ್ ತೆಗೆದುಕೋ. ನಾನು ಕೇಸು ಹಾಕುವವಳಲ್ಲ."

ಎಂಥ ಮಾತು ನೋಡಿ! ನಮಗೆ ಬೇಕಾದದ್ದು ಅದೇ ಆಗಿತ್ತಲ್ಲವೇ? ಬೆಲೆ ಕಡಿಮೆ, ಮನೆ ಚಂದ, ಹಕ್ಕುದಾರಳೇ ಬೇಡವೆನ್ನುತ್ತಾಳೆ. ಹಿಂದಿರುಗುವಾಗ ಬಸ್ಸಿನಲ್ಲಿ ಮಗಳು ಮೊಬೈಲಿನಲ್ಲಿ ಲೆಕ್ಕ ಹಾಕಿದಳು. ಗಂಡಿಗೆ ಎರಡು ಪಾಲು, ಹೆಣ್ಣಿಗೆ ಒಂದು. ಮೂವರು ಗಂಡುಮಕ್ಕಳು, ಒಬ್ಬಳು ಮಗಳು. ಒಟ್ಟು ಏಳು ಪಾಲು. ಮೂವತ್ತೈದು ಸೆಂಟ್ಸಿನಲ್ಲಿ ಏಳನೇ ಒಂದು ಭಾಗ ಎಂದರೆ ಐದು ಸೆಂಟ್ಸ್. "ಉಮ್ಮಾ, ನಗರದಲ್ಲಿ ಐದು ಸೆಂಟ್ಸ್ ಇರುವ ಹೆಂಗಸು ಬೀಡಿ ಕಟ್ಟುತ್ತಿದ್ದಾರೆ" ಎಂದಳು. ನಾನು ಉತ್ತರ ಕೊಡಲಿಲ್ಲ.

ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದಕ್ಕೆ ಇನ್ನೊಂದು ಕಾರಣವಿತ್ತು. ಬಾಪ ತೀರಿಕೊಂಡ ವರ್ಷ ಅಣ್ಣ ನನ್ನನ್ನೂ ಅಕ್ಕನನ್ನೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಫೋಟೋ ತೆಗೆದರು, ಬೆರಳಚ್ಚು ಒತ್ತಿಸಿದರು. ಅಣ್ಣ ತೋರಿಸಿದ ಕಡೆ ಸಹಿ ಹಾಕಿದೆವು. ಕಂಕುಳಲ್ಲಿ ಮಗು ಅಳುತ್ತಿತ್ತು, ಬೇಗ ಮುಗಿದರೆ ಸಾಕಿತ್ತು. ಏನೆಂದು ಓದಲಿಲ್ಲ, ಕೇಳಲೂ ಇಲ್ಲ. ಹೊರಬಂದ ಮೇಲೆ ಅಣ್ಣ ಹೋಟೆಲಿನಲ್ಲಿ ಫಲೂದ ಕೊಡಿಸಿದರು. ಆ ಪತ್ರಕ್ಕೆ ಹಕ್ಕು ಬಿಡುಗಡೆ ಪತ್ರ ಎಂಬ ಹೆಸರಿದೆ ಎಂದು ತಿಳಿದದ್ದು ವಕೀಲೆಯ ಮೇಜಿನ ಮುಂದೆ ಕುಳಿತಾಗ. ಬಿ.ಎ. ಓದಿದ ನನಗೂ ಆ ಬೀಡಿ ಕಟ್ಟುವ ಉಮ್ಮನಿಗೂ ಏನು ವ್ಯತ್ಯಾಸ? ಅವರನ್ನು ಕೇಳಲಿಲ್ಲ, ನಾನು ಕೇಳಲಿಲ್ಲ.

ನಾನು ವಕೀಲೆಯ ಹತ್ತಿರ ಎಲ್ಲವನ್ನೂ ಹೇಳಿದೆ. ಅವರು ಭಾವನೆಯ ಮಾತು ಆಡಲಿಲ್ಲ. "ಅವರು ಕೇಸು ಹಾಕದಿರಬಹುದು. ಅವರ ನಂತರ ಮಕ್ಕಳು ಹಾಕಬಹುದು. ಹಾಕಿದರೆ ಆ ಕಟ್ಟಡದ ಎಲ್ಲ ಫ್ಲ್ಯಾಟಿನವರೂ ಕೋರ್ಟಿಗೆ ಅಲೆಯಬೇಕು. ಏಕೆಂದರೆ ಫ್ಲ್ಯಾಟ್ ಎಂದರೆ ಗೋಡೆ ಮಾತ್ರವಲ್ಲ, ಕೆಳಗಿನ ಜಾಗದಲ್ಲಿ ಒಂದು ಅವಿಭಜಿತ ಪಾಲು. ಜಾಗದ ಹಕ್ಕಿನಲ್ಲೇ ದೋಷವಿದ್ದರೆ ಕೊಂಡವರ ನಷ್ಟ ತುಂಬಿಕೊಡಬೇಕೆಂದು 2016ರ ರೇರಾ ಕಾಯ್ದೆ ಬಿಲ್ಡರನಿಗೆ ಹೇಳುತ್ತದೆ. ಆ ಪರಿಹಾರ ಕೇಳಲು ಕಾಲಮಿತಿಯೂ ಇಲ್ಲ. ಆದರೆ ಗೊತ್ತಿದ್ದೂ ಹೊಂಡಕ್ಕೆ ಇಳಿದು ಆಮೇಲೆ ಹಗ್ಗ ಹುಡುಕುವುದು ಯಾಕೆ? ಆ ತಾಯಿಗೆ ಅವರ ಪಾಲಿನ ಹಣ ಕೊಟ್ಟು ಪತ್ರಕ್ಕೆ ಸಹಿ ಪಡೆಯಲಿ. ಆಮೇಲೆ ನೀವು ಖರೀದಿಸಿ."

"ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟಿದ್ದೇವೆ, ಏಳು ದಿನದೊಳಗೆ ಯಾರೂ ಆಕ್ಷೇಪ ಎತ್ತಲಿಲ್ಲ ಎನ್ನುತ್ತಾರೆ ಬಿಲ್ಡರ್" ಎಂದೆ.

"ಆ ಮನೆಗೆ ಪತ್ರಿಕೆ ಬರುತ್ತದಾ?" ಎಂದು ಕೇಳಿದರು. ಬರುತ್ತಿರಲಿಲ್ಲ.

ಇವರಿಗೆ ಫೋನು ಮಾಡುವಾಗ ನನಗೆ ಭಯವಿತ್ತು. ಹತ್ತೊಂಬತ್ತು ವರ್ಷ ಬಿಸಿಲಲ್ಲಿ ದುಡಿದವರ ಕನಸು. ಪೂರ್ತಿ ಕೇಳಿಸಿಕೊಂಡು ಇವರು ಒಂದೇ ಮಾತು ಹೇಳಿದರು: "ಆ ಮನೆಯಲ್ಲಿ ನನಗೆ ನಮಾಝ್ ಮಾಡಲಿಕ್ಕೆ ಮನಸ್ಸು ಬರುವುದಿಲ್ಲ. ಬಿಟ್ಟುಬಿಡು."

ಬಿಡುವುದು ಸುಲಭವಿರಲಿಲ್ಲ. ಬಿಲ್ಡರ್ ಸಿಟ್ಟಾದರು. ಸಹೋದರರಲ್ಲಿ ಒಬ್ಬರು "ನಮ್ಮ ಮನೆಯ ವಿಷಯಕ್ಕೆ ನೀವು ಯಾರು?" ಎಂದು ಫೋನಿನಲ್ಲಿ ಗದರಿಸಿದರು. ಮುಂಗಡ ಹಣಕ್ಕಾಗಿ ನಾಲ್ಕು ತಿಂಗಳು ಅಲೆದೆ. ಎಪ್ಪತ್ತೈದು ಸಾವಿರ ಕಂತು ಕಂತಾಗಿ ಬಂತು, ಇಪ್ಪತ್ತೈದು ಸಾವಿರ ಬರಲೇ ಇಲ್ಲ. ವಕೀಲರ ಪರಿಶೀಲನೆಯಲ್ಲಿ ದೋಷ ಕಂಡರೆ ಮುಂಗಡವನ್ನು ಪೂರ್ತಿ ಹಿಂದಿರುಗಿಸಬೇಕು ಎಂಬ ಒಂದು ಸಾಲು ಆ ಚೀಟಿಯಲ್ಲಿ ಇದ್ದಿದ್ದರೆ ನಾನು ಧೈರ್ಯದಿಂದ ಕೇಳಬಹುದಿತ್ತು. ನೀವು ಆ ಸಾಲನ್ನು ಬರೆಸದೆ ಒಂದು ರೂಪಾಯಿಯನ್ನೂ ಕೊಡಬೇಡಿ. ರೇರಾ ನೋಂದಣಿಯಿರುವ ಕಟ್ಟಡಗಳಲ್ಲಿ ಕರಾರು ಪತ್ರ ನೋಂದಣಿಯಾಗದೆ ಬೆಲೆಯ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ ಎಂಬುದೂ ನೆನಪಿರಲಿ. ಹಾಗೆಯೇ, ರೇರಾ ಸಂಖ್ಯೆ ಇದೆ ಎಂದರೆ ಸರಕಾರವೇ ಜಾಗದ ಹಕ್ಕಿಗೆ ಜಾಮೀನು ನಿಂತಿದೆ ಎಂದು ಭಾವಿಸಬೇಡಿ.

ಮರುವರ್ಷ ನಾವು ಬೇರೆ ಕಡೆ ಸ್ವಲ್ಪ ಸಣ್ಣ ಫ್ಲ್ಯಾಟ್ ಖರೀದಿಸಿದೆವು. ಅಡುಗೆಮನೆಯ ಕಿಟಕಿಯಿಂದ ಪಕ್ಕದ ಕಟ್ಟಡದ ಗೋಡೆ ಕಾಣುತ್ತದೆ. ಆದರೆ ಅದರ ಸಂತತಿ ನಕ್ಷೆಯಲ್ಲಿ ನಾಲ್ವರು ಹೆಣ್ಣುಮಕ್ಕಳ ಹೆಸರಿತ್ತು, ನಾಲ್ವರ ಸಹಿಯೂ ಇತ್ತು. ನನ್ನ ಚಿನ್ನವನ್ನೂ ಮಾರಿದ್ದರಿಂದ ಕ್ರಯಪತ್ರ ಇಬ್ಬರ ಹೆಸರಿನಲ್ಲೂ ಆಗಲಿ ಎಂದು ಇವರೇ ಹೇಳಿದರು. ರಜೆ ಸಿಗದ ಕಾರಣ ಇವರು ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ ಅಧಿಕಾರ ಪತ್ರ ಕಳುಹಿಸಿದರು. ಅಂಥ ಪತ್ರ ಊರಿಗೆ ಬಂದ ಮೂರು ತಿಂಗಳೊಳಗೆ ಇಲ್ಲಿನ ಮುದ್ರಾಂಕ ಶುಲ್ಕ ಕಟ್ಟಬೇಕು. ಗಲ್ಫಿನವರ ಮನೆಯ ಹೆಂಗಸರು ಇದನ್ನು ತಿಳಿದಿರಲಿ.

ಆ ಬೀಡಿ ಕಟ್ಟುವ ಉಮ್ಮನ ವಿಷಯ ಏನಾಯಿತು ಎಂದು ನೀವು ಕೇಳಬಹುದು. ಅದೇ ಕಟ್ಟಡದಲ್ಲಿ ಫ್ಲ್ಯಾಟ್ ನೋಡಿದ ಇನ್ನೊಬ್ಬರ ಬ್ಯಾಂಕ್ ವಕೀಲರೂ ಸಂತತಿ ನಕ್ಷೆಯ ಬಗ್ಗೆ ಪ್ರಶ್ನೆ ಎತ್ತಿದರಂತೆ. ಆಮೇಲೆ ಮೂವರು ತಮ್ಮಂದಿರು ಒಟ್ಟಿಗೆ ಅಕ್ಕನ ಮನೆಗೆ ಹೋದರು. ಸ್ವಲ್ಪ ಹಣ ಕೊಟ್ಟು ಸಹಿ ಪಡೆದರು. ಐದು ಸೆಂಟ್ಸಿನ ಬೆಲೆ ಖಂಡಿತ ಅಲ್ಲ. ಆ ಹಣದಲ್ಲಿ ಅವರು ಕಣ್ಣಿನ ಪೊರೆಯ ಆಪರೇಶನ್ ಮಾಡಿಸಿಕೊಂಡರು. ಕಳೆದ ವರ್ಷ ಅವರನ್ನು ನೋಡಲು ಹೋಗಿದ್ದೆ. "ಮೂವರೂ ಒಟ್ಟಿಗೆ ನನ್ನ ಮನೆಗೆ ಬಂದದ್ದು ಅದೇ ಮೊದಲು" ಎಂದು ಸಂತೋಷದಿಂದಲೇ ಹೇಳಿದರು. ಏನು ಹೇಳಬೇಕೆಂದು ನನಗೆ ತಿಳಿಯಲಿಲ್ಲ.

ನಾನು ಅಣ್ಣನ ಹತ್ತಿರವೂ ಹೋದೆ. ಜಗಳಕ್ಕಲ್ಲ. "ಅಂದು ನಾನು ಸಹಿ ಹಾಕಿದ ಪತ್ರ ಒಮ್ಮೆ ಓದಬೇಕು" ಎಂದೆ. ಅಣ್ಣನ ಮುಖ ಬಾಡಿತು. ಒಳಗೆ ಹೋಗಿ ತಂದುಕೊಟ್ಟರು. ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ನಾನು ಮೊದಲ ಪುಟದಿಂದ ಕೊನೆಯವರೆಗೆ ಓದಿದೆ. ನನ್ನ ಪಾಲಿಗೆ ತಕ್ಕ ಹಣ ಪಡೆದಿದ್ದೇನೆಂದು ಅದರಲ್ಲಿ ಬರೆದಿತ್ತು. ನಾನು ಪಡೆದದ್ದು ಒಂದು ಲೋಟ ಫಲೂದ. ಓದಿ ಮಡಚಿ ಅಣ್ಣನ ಕೈಗೇ ಕೊಟ್ಟೆ. "ನಾನು ಬಿಟ್ಟುಕೊಡುತ್ತಿದ್ದೆನೋ ಏನೋ ಕಾಕ. ಆದರೆ ಓದಿ ಹೇಳಬೇಕಿತ್ತು" ಎಂದೆ. ಅವರು ತಲೆ ತಗ್ಗಿಸಿದರು. ಆ ಮಾತು ಇನ್ನೂ ಮುಗಿದಿಲ್ಲ, ಆದರೆ ಆರಂಭವಾಗಿದೆ.

ಸಹೋದರಿಯರೇ, ಹೆತ್ತವರು ಬಿಟ್ಟುಹೋದದ್ದು ಕಡಿಮೆಯಿರಲಿ, ಹೆಚ್ಚಿರಲಿ, ಅದರಲ್ಲಿ ಹೆಣ್ಣಿಗೆ ನಿಶ್ಚಿತ ಪಾಲಿದೆ ಎಂದು ಅಲ್ಲಾಹನು ನಿರ್ಧರಿಸಿದ್ದಾನೆ. ಆ ಪಾಲನ್ನು ಸಂತತಿ ನಕ್ಷೆಯಿಂದ ಅಳಿಸುವ ಅಧಿಕಾರ ತಮ್ಮಂದಿರಿಗೂ ಇಲ್ಲ, ಬಿಲ್ಡರಿಗೂ ಇಲ್ಲ. ಬಿಟ್ಟುಕೊಡಬೇಕೆಂದಿದ್ದರೆ ಎಷ್ಟು ಎಂದು ತಿಳಿದು ಸಂತೋಷದಿಂದ ಬಿಟ್ಟುಕೊಡಿ. ಮನೆ ಖರೀದಿಸುವಾಗ ವಕೀಲರ ಫೀಸನ್ನು ಚಿಮಣಿಯ ಖರ್ಚಿಗೆ ಹೋಲಿಸಬೇಡಿ. ಕಾಗದಗಳಲ್ಲಿ ಹೆಣ್ಣುಮಕ್ಕಳ ಹೆಸರು ಹುಡುಕಿ. ಸಿಗದಿದ್ದರೆ ವಿಚಾರಿಸಿ. ಮತ್ತು ಇಂದು ಸಂಜೆ ಕೆಲಸವೆಲ್ಲ ಮುಗಿದ ಮೇಲೆ ಆ ಕಪಾಟಿನ ಖಾನೆ ತೆರೆದು ನಿಮ್ಮ ಮನೆಯ ಪತ್ರಗಳನ್ನು ಒಮ್ಮೆ ಓದಿ.